ಒಂಟಿ ಹೊಲಕ್ಕೆ ಹಕ್ಕಿ ಜಾಸ್ತಿ

ಹೋದ ಮುಂಗಾರಿನಲ್ಲಿ ಬೇಗೂರಿನಾಚೆ ನಮಗೆ ಉಳಿದಿರುವ ಒಂದು ಎಕರೆ ಹನ್ನೆರಡು ಗುಂಟೆಗೆ ರಾಗಿ ಹಾಕಿದ್ದೆ. ಮಳೆ ಹದವಾಗಿ ಬಂತು. ಗೊಬ್ಬರಕ್ಕೆ ಮೋಸ ಮಾಡಿರಲಿಲ್ಲ. ಪೈರು ಮೊಣಕಾಲೆತ್ತರ ಬಂದಾಗ ದಾರಿಯಲ್ಲಿ ಹೋಗೋರು ಗಾಡಿ ನಿಲ್ಲಿಸಿ ಫೋಟೋ ಹಿಡ್ಕೊಂಡು ಹೋದ್ರು. ಆದರೆ ಕಡೆಗೆ ಮನೆಗೆ ಬಂದದ್ದು ನಾಲ್ಕೇ ಮೂಟೆ.

ಬಿತ್ತಿದ ಮಾರನೇ ದಿನವೇ ಅಪಾರ್ಟ್‌ಮೆಂಟಿನ ಪಾರಿವಾಳ ಬಂದು ಸಾಲು ಹಿಡಿದು ಬೀಜ ಹೆಕ್ಕಿದವು. ಎರಡನೇ ಸಲ ಬಿತ್ತಿದೆ. ತೆನೆ ಹಾಲುಗಟ್ಟುವಾಗ ರಾಟವಾಳ, ಗೀಜಗ, ಗಿಣಿ ಎಲ್ಲ ಒಟ್ಟಿಗೆ ಇಳಿದವು. ತಗಡು ಬಡಿದೆ, ಹೊಳೆಯೋ ಪಟ್ಟಿ ಕಟ್ಟಿದೆ, ಹಳೇ ಅಂಗಿ ಹಾಕಿ ಬೆದರುಬೊಂಬೆ ನಿಲ್ಲಿಸಿದೆ. ಹಕ್ಕಿಗಳು ಬೊಂಬೆ ತಲೆ ಮೇಲೆ ಕೂತು ತಿಂದವು.

ಇದೇ ಹಕ್ಕಿಗಳು ನಾನು ಹುಡುಗನಾಗಿದ್ದಾಗಲೂ ಇದ್ದವು. ಆಗ ಯಾರೂ ಹಕ್ಕಿಯಿಂದ ಬೆಳೆ ಹೋಯ್ತು ಅಂತ ಅತ್ತದ್ದು ನೋಡಿಲ್ಲ. ಲೆಕ್ಕ ಸುಲಭ. ನೂರು ಎಕರೆ ರಾಗಿ ಇರುವಾಗ ಐನೂರು ಹಕ್ಕಿ ಬಂದರೆ ಎಕರೆಗೆ ಐದು. ಒಂದೇ ಎಕರೆ ಉಳಿದಾಗ ಐನೂರೂ ಅಲ್ಲೇ. ಹಕ್ಕಿ ಹೆಚ್ಚಾಗಲಿಲ್ಲ, ಪಕ್ಕದ ಹೊಲ ಇಲ್ಲವಾಯ್ತು.

ಈ ಮಾತನ್ನು ಹಕ್ಕಿಗೆ ಮಾತ್ರ ಹೇಳ್ತಿಲ್ಲ. ಬೊಮ್ಮನಹಳ್ಳಿ ಸುತ್ತಿನ ಒಕ್ಕಲುತನ ಹೇಗೆ ಹೋಯ್ತು ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಇರೋ ಉತ್ತರ ಇಷ್ಟೇ. ಬೇಸಾಯ ಒಬ್ಬನ ಕೆಲಸ ಅಲ್ಲ. ಪಕ್ಕದವನು ಬಿಟ್ಟ ದಿನವೇ ನನ್ನದೂ ಅರ್ಧ ಹೋಗಿರುತ್ತೆ. ಊರಂಚಿನಲ್ಲಿ ಇನ್ನೂ ಉಳುಮೆ ಮಾಡ್ತಿರುವ ಆನೇಕಲ್, ಹೊಸಕೋಟೆ, ದೇವನಹಳ್ಳಿ, ಮಾಗಡಿ ಕಡೆಯ ಮಿತ್ರರು ಇದನ್ನು ಈಗಲೇ ತಿಳಿದುಕೊಳ್ಳಲಿ ಅಂತ ಬರೀತಿದ್ದೇನೆ. ನಮಗೆ ತಿಳಿಯೋ ಹೊತ್ತಿಗೆ ತಡವಾಗಿತ್ತು.

ಹೆಸರಿನಲ್ಲಿ ಉಳಿದ ಊರು

2025ರ ಆಗಸ್ಟಿನಲ್ಲಿ ನಮ್ಮ ಕಡೆಗೆ ಹಳದಿ ಮೆಟ್ರೋ ಬಂತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ. ಎರಡನೇ ನಿಲ್ದಾಣದ ಹೆಸರೇ ರಾಗಿಗುಡ್ಡ. ಸಿಲ್ಕ್ ಬೋರ್ಡ್ ದಾಟಿದ ಮೇಲೆ ಒಂದೊಂದಾಗಿ ಕೂಗ್ತಾರೆ: ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್, ಬೆರಟೇನ ಅಗ್ರಹಾರ. ಕಿವಿಗೆ ಹಳ್ಳಿ, ಕಣ್ಣಿಗೆ ಗಾಜಿನ ಕಟ್ಟಡ.

ಸಂದ್ರ ಅಂದರೆ ಸಮುದ್ರ. ಕೆರೆಗೆ ನಮ್ಮ ಹಿರಿಯರು ಇಟ್ಟ ದೊಡ್ಡ ಹೆಸರು ಅದು. ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಅಂತ ಕರೆದರೆ ಕೆರೆ ಕಟ್ಟಿ ಊರು ಕಟ್ಟಿದ ಕಥೆ ಹೇಳಿದ ಹಾಗೆ. ಗಾರೆಬಾವಿಪಾಳ್ಯದ ಹೆಸರಿನಲ್ಲೇ ಬಾವಿ ಇದೆ.

ಇವೆಲ್ಲ ನಿನ್ನೆ ಮೊನ್ನೆಯ ಊರುಗಳಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನ ಇದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತೆ. ಬೆಂಗಳೂರು ಅನ್ನೋ ಹೆಸರಿಗೆ ಸಿಕ್ಕಿರುವ ಹಳೇ ಸಾಕ್ಷಿ ನಮ್ಮ ಬೇಗೂರಿನ ಕಲ್ಲು. ಇದೇ ಬೇಗೂರಿನ ಇನ್ನೊಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಬೆಂಪೂರು ಹನ್ನೆರಡು, ಅಂದರೆ ಬೇಗೂರಿಗೆ ಸೇರಿದ ಹನ್ನೆರಡು ಹಳ್ಳಿ ಬಿಟ್ಟುಕೊಟ್ಟ ವಿಷಯ ಇದೆ. ಅದರೊಳಗೆ ತೋವಗೂರು ಅಂತ ಒಂದು. ಅದೇ ಇವತ್ತಿನ ತೋಗೂರು. ಸಾವಿರದ ನೂರು ವರ್ಷದ ಹಿಂದೆ ಶಾಸನದಲ್ಲಿ ಹೆಸರು ಬರೆಸಿಕೊಂಡ ಈ ಊರಿನ ನೆಲದ ಮೇಲೆ, 1978ರಲ್ಲಿ, ಎಲೆಕ್ಟ್ರಾನಿಕ್ ಸಿಟಿ ಬಂತು. ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಅದನ್ನು ಶುರು ಮಾಡಿತು.

ಅಷ್ಟು ಕಾಲ ಇಲ್ಲಿ ಏನು ನಡೀತಿತ್ತು ಅಂದರೆ ರಾಗಿ ನಡೀತಿತ್ತು. ಕೆಂಪು ನೆಲ, ವರ್ಷಕ್ಕೆ ಮೂವತ್ತೈದು ಇಂಚಿನ ಆಸುಪಾಸು ಮಳೆ. ದೊಡ್ಡ ಹೊಳೆ ಇಲ್ಲ. ಎತ್ತರದ ನೆಲದಲ್ಲಿ ಕೂರಿಗೆಯಲ್ಲಿ ರಾಗಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಹಿಂಗಾರಿಗೆ ಹುರುಳಿ. ಕೆರೆ ಕೆಳಗೆ ಗದ್ದೆ, ತೋಟ, ಸೊಪ್ಪು, ಹೂವು. ಮಡಿವಾಳ ಕೆರೆ ತುಂಬಿದರೆ ಅಗರ, ಅಗರ ತುಂಬಿದರೆ ಬೆಳ್ಳಂದೂರು, ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. ಒಂದು ಊರಿನ ಕೋಡಿ ಇನ್ನೊಂದು ಊರಿನ ಬೆಳೆ. ಬೆಳೆದ ರಾಗಿ ಹಗೇವಿನಲ್ಲಿ ತುಂಬಿ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಬರ ಬಂದಾಗ ಊರು ಬದುಕುತ್ತಿದ್ದದ್ದು ಅದರಿಂದ.

ತಳಿಗೂ ಕೊರತೆ ಇರಲಿಲ್ಲ. ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆಮೇಲೆ ಜಿಕೆವಿಕೆಯಿಂದ ಜಿಪಿಯು-28 ಬಂತು. ಬೆಂಕಿರೋಗ ತಡೆಯುತ್ತೆ, ಇಳುವರಿಯೂ ಇದೆ. ಅಂದರೆ ಇಳುವರಿ ಕಡಿಮೆಯಾಗಿ ರಾಗಿ ಹೋಯ್ತು ಅನ್ನೋ ಹಾಗಿಲ್ಲ. ಬೆಳೆ ಸುಧಾರಿಸುತ್ತಲೇ ಹೋಯ್ತು, ಬೆಳೆಯೋರು ಕಡಿಮೆಯಾಗುತ್ತಲೇ ಹೋದ್ರು.

ಮೊದಲು ಹೋದದ್ದು ಭೂಮಿ ಅಲ್ಲ

ಜನ ಅಂದುಕೊಂಡಿರೋದು, ಭೂಮಿ ಮಾರಿದ್ರು, ಆದ್ದರಿಂದ ಬೇಸಾಯ ನಿಂತಿತು ಅಂತ. ನಾನು ಕಂಡದ್ದು ಹಾಗಲ್ಲ. ಭೂಮಿ ಹೋಗೋಕೆ ಮುಂಚೆ ಬೇರೆ ಬೇರೆ ಹೋದವು. ಹೋದ ಕ್ರಮವನ್ನೇ ಬರೀತೀನಿ.

ಮೊದಲು ಹೋದದ್ದು ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಹೊಸೂರು ರಸ್ತೆಯಲ್ಲಿ ಕಾರ್ಖಾನೆ, ಗಾರ್ಮೆಂಟ್ಸ್ ಬಂದ ಮೇಲೆ ಹುಡುಗರು ಹುಡುಗಿಯರು ಬೆಳಿಗ್ಗೆ ಎಂಟಕ್ಕೇ ಡ್ಯೂಟಿ ಅಂತ ಹೊರಟ್ರು. ಅವರದ್ದು ತಪ್ಪಲ್ಲ. ತಿಂಗಳು ತಿಂಗಳು ಸಂಬಳ ಅನ್ನೋದು ಒಕ್ಕಲು ಮನೆಯವರಿಗೆ ಎಷ್ಟು ದೊಡ್ಡದು ಅಂತ ನಮಗೆ ಗೊತ್ತು. ಆದರೆ ಮನೆಗೆ ಒಬ್ಬರು ಹೋದರೂ ಮುಯ್ಯಿ ನಿಂತುಹೋಗುತ್ತೆ. ಕೊಟ್ಟ ಆಳನ್ನು ವಾಪಸು ಕೊಡೋರು ಇರಲಿಲ್ಲ.

ಆಮೇಲೆ ಎತ್ತು. ಎತ್ತು ಕಮ್ಮಿಯಾದ ಮೇಲೆ ಗುಳ ಹಣಿಯೋ ಕೆಲಸ ಇಲ್ಲ, ಕುಲುಮೆ ಆರಿತು. ನೇಗಿಲು, ಕೂರಿಗೆ ಮಾಡೋ ಆಚಾರಿ ಕಿಟಕಿ ಬಾಗಿಲು ಮಾಡೋಕೆ ಹೋದ್ರು. ಕೆರೆ ಕೆಳಗೆ ನಾಲ್ಕು ಜನ ಗದ್ದೆ ಬಿಟ್ಟರು, ಉಳಿದವರು ನೀರುಗಂಟಿಗೆ ಧಾನ್ಯ ಕೊಡಲಾರದೆ ಹೋದರು. ನೀರುಗಂಟಿ ಇಲ್ಲದ ಮೇಲೆ ತೂಬು ಎತ್ತೋರಿಲ್ಲ, ಕಾಲುವೆ ಹೂಳು ತೆಗೆಯೋರಿಲ್ಲ. ಕಾಲುವೆಯಲ್ಲಿ ನೀರು ನಿಂತ ವರ್ಷವೇ ಅದು ಚರಂಡಿ ಆಯ್ತು.

ಹಾಲು ಹಾಕೋ ಮನೆಗಳು ಕಮ್ಮಿಯಾದವು. ಡೇರಿಗೆ ಹಾಲು ಕಡಿಮೆಯಾದರೆ ಗಾಡಿ ಬರೋದು ನಿಲ್ಲುತ್ತೆ. ಗಾಡಿ ನಿಂತರೆ ಎರಡು ಹಸು ಇಟ್ಟುಕೊಂಡವನೂ ಮಾರಬೇಕು. ಹಸು ಇಲ್ಲದ ಮೇಲೆ ಗೊಬ್ಬರ ಇಲ್ಲ, ಹುಲ್ಲು ಯಾರಿಗೂ ಬೇಡ. ರಾಗಿ ಬೆಳೆದವನಿಗೆ ಕಾಳಿನಷ್ಟೇ ಹುಲ್ಲೂ ಲೆಕ್ಕ. ಹುಲ್ಲಿಗೆ ಬೆಲೆ ಇಲ್ಲ ಅಂದರೆ ರಾಗಿಯ ಲಾಭ ಅರ್ಧ ಅಲ್ಲೇ ಹೋಯ್ತು.

ಕಣ ಹೋಯ್ತು. ಊರೊಟ್ಟಿನ ಕಣದ ಜಾಗದಲ್ಲಿ ಏನೋ ಕಟ್ಟಡ ಬಂತು. ರೋಣುಗಲ್ಲು ಯಾರದೋ ಮನೆ ಮುಂದೆ ಕೂರೋಕೆ ಕಲ್ಲಾಯ್ತು. ಕೆಲವು ವರ್ಷ ರಸ್ತೆ ಮೇಲೆ ಹರಡಿ ಲಾರಿ ಚಕ್ರದಲ್ಲಿ ತುಳಿಸಿದ್ದಾಯ್ತು. ಈಗ ರಸ್ತೆಯಲ್ಲಿ ನಿಲ್ಲೋಕೂ ಜಾಗ ಇಲ್ಲ. ಕಟಾವು ಯಂತ್ರದವರನ್ನು ಕರೆದರೆ ಕೇಳುವ ಮೊದಲ ಪ್ರಶ್ನೆ, ಎಷ್ಟು ಎಕರೆ ಇದೆ ಅಂತ. ಒಂದು ಎಕರೆ ಅಂದ್ರೆ ಫೋನ್ ಇಡ್ತಾರೆ. ಅವರದ್ದೂ ತಪ್ಪಲ್ಲ, ಡೀಸೆಲ್ ಗಿಟ್ಟಬೇಡವೆ?

ಇನ್ನೊಂದು ವಿಚಿತ್ರ ಹೇಳ್ತೀನಿ. ನಾಡ ಅವರೆ ಹಗಲು ಕಿರಿದಾದ ಮೇಲೆ ಹೂ ಬಿಡುವ ಜಾತಿ. ನಮ್ಮ ಹೊಲದ ಬದುವಿಗೆ ಬಡಾವಣೆಯ ಬೀದಿದೀಪ ಬಂದ ಮೇಲೆ, ದೀಪದ ಬುಡದ ಎರಡು ಸಾಲು ಬರೀ ಬಳ್ಳಿ, ಹೂವೇ ಇಲ್ಲ. ದೀಪದಿಂದ ದೂರ ಇರುವ ಸಾಲು ಸೊನೆ ಬಿಟ್ಟು ಕಾಯಿ ತುಂಬಿತ್ತು. ಪಕ್ಕದಲ್ಲಿ ಹೊಲ ಇದ್ದಿದ್ರೆ ಅಲ್ಲಿ ದೀಪ ಯಾಕೆ ಇರ್ತಿತ್ತು?

ಇಷ್ಟೆಲ್ಲ ಹೋದ ಮೇಲೆ ಭೂಮಿ ಹೋಯ್ತು. ಮಾರೋ ದಿನ ನಾವು ಮಾರಿದ್ದು ಬೇಸಾಯ ಅಲ್ಲ, ಬೇಸಾಯ ಆಗಲೇ ಬಿಟ್ಟುಹೋಗಿದ್ದ ಮಣ್ಣು.

ತುಂಬಿ ಬರಿದಾದ ಊರು

ಸರ್ಕಾರದ ಯೋಜನೆಗೆ ಸ್ವಲ್ಪ ಹೋಯ್ತು, ಬಿಡಿಎ ಬಡಾವಣೆಗೆ ಸ್ವಲ್ಪ ಹೋಯ್ತು. ಹೊಸೂರು-ಸರ್ಜಾಪುರ ರಸ್ತೆ ಬಡಾವಣೆ, ಅಂದರೆ ಎಚ್.ಎಸ್.ಆರ್. ಲೇಔಟು ಎದ್ದದ್ದು ಅಗರದ ಸುತ್ತಿನ ಹೊಲದ ಮೇಲೆ. ಉಳಿದದ್ದನ್ನು ನಾವೇ ಮೂವತ್ತು-ನಲವತ್ತರ ಸೈಟು ಮಾಡಿ ಕೊಟ್ವಿ. ರೆವಿನ್ಯೂ ಸೈಟು ಅಂದರೆ ಬೊಮ್ಮನಹಳ್ಳಿ ಅನ್ನೋ ಹಾಗಾಯ್ತು. ನಗರಸಭೆ ಬಂತು, 2007ರಲ್ಲಿ ಬಿಬಿಎಂಪಿಗೆ ಸೇರಿತು, 2010ರಲ್ಲಿ ತಲೆ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ಮೇಲುರಸ್ತೆ ಬಂತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೂ ಹೋಗಿ ಐದು ಪಾಲಿಕೆ ಆದವು.

ಮಾರಿದ್ದಕ್ಕೆ ಯಾರನ್ನೂ ಬಯ್ಯೋ ಹಾಗಿಲ್ಲ. ಲೆಕ್ಕ ನೋಡಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಮಳೆ ಆಶ್ರಯದಲ್ಲಿ ಎಕರೆಗೆ ಹತ್ತು ಕ್ವಿಂಟಾಲ್ ಅಂತಲೇ ಇಟ್ಟುಕೊಳ್ಳಿ, ಹತ್ತಿರ ಹತ್ತಿರ 49 ಸಾವಿರ. ಖರ್ಚು ಕಳೆದರೆ ಉಳಿಯೋದು ಎಷ್ಟು ಅಂತ ನಿಮಗೇ ಗೊತ್ತು. ಅದೇ ಎಕರೆಯ ಮೂಲೆಯಲ್ಲಿ ಎರಡು ರೂಮು ಕಟ್ಟಿ ಬಾಡಿಗೆಗೆ ಬಿಟ್ಟರೆ ಆರು ತಿಂಗಳಿಗೆ ಆ ದುಡ್ಡು ಕುಳಿತಲ್ಲೇ ಬರುತ್ತೆ. ಮಗಳ ಮದುವೆ, ಮಗನ ಓದು, ಅಪ್ಪನ ಆಸ್ಪತ್ರೆ ಎಲ್ಲ ಆ ಬಾಡಿಗೆಯಲ್ಲೇ ಆದವು. ನಮ್ಮ ಮನೆಯಲ್ಲೂ ಹಾಗೇ. ನಾನು ಸಾಧು ಅಲ್ಲ.

ಆದರೆ ಆ ದುಡ್ಡು ಯಾರಿಗೆ ಸಿಕ್ತು ಅಂತಲೂ ಹೇಳಬೇಕು. ಪಹಣಿಯಲ್ಲಿ ಹೆಸರಿದ್ದವನಿಗೆ ಸಿಕ್ತು. ತಲೆಮಾರುಗಟ್ಟಲೆ ಅದೇ ಹೊಲದಲ್ಲಿ ಕಳೆ ಕಿತ್ತ, ಕೊಯ್ದ, ಬಡಿದ ಮನೆಗಳಿಗೆ ಒಂದು ಗುಂಟೆಯೂ ಇರಲಿಲ್ಲ, ಒಂದು ರೂಪಾಯಿಯೂ ಬರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಹೋಗುತ್ತಿದ್ದ ಪಾಲು ಮಾತ್ರ ನಿಂತುಹೋಯ್ತು. ಒಕ್ಕಲುತನ ಮುಗಿದ ಕಥೆಯನ್ನು ಭೂಮಿ ಇದ್ದವರೇ ಹೇಳ್ತೀವಿ, ಅದರಲ್ಲಿ ಇವರು ಬರೋದೇ ಇಲ್ಲ.

ಇನ್ನೊಂದು ಮಾತು. ನಮ್ಮ ರೂಮುಗಳಲ್ಲಿ ಬಾಡಿಗೆಗೆ ಇರೋರು ಯಾರು? ಮಂಡ್ಯದ ಕಡೆಯವರು, ತುಮಕೂರಿನವರು, ರಾಯಚೂರು-ಕಲಬುರಗಿಯವರು, ಒಡಿಶಾ-ಬಿಹಾರದವರು. ಮಾತಾಡಿಸಿ ನೋಡಿ, ಅರ್ಧಕ್ಕರ್ಧ ಒಕ್ಕಲು ಮಕ್ಕಳು. ಅಲ್ಲಿ ಅವರ ಊರು ಖಾಲಿಯಾಗಿ ಬೇಸಾಯ ಹೋಯ್ತು. ಇಲ್ಲಿ ನಮ್ಮ ಊರು ತುಂಬಿ ಬೇಸಾಯ ಹೋಯ್ತು. ಒಂದೇ ಮನೆಯಲ್ಲಿ ಮೇಲೆ ಕೆಳಗೆ ಇದ್ದೀವಿ.

ದೂರದ ಬಯಲಿನ ಕಥೆ

ಖಾಲಿಯಾಗಿ ಹೋಗೋದು ಹೇಗೆ ಅಂತ ತಿಳಿಯೋಕೆ ಬಹಳ ದೂರದ ಒಂದು ಊರಿನ ಕಡೆ ನೋಡಬಹುದು. ಬೊಮ್ಮನಹಳ್ಳಿ ಅಂಗಡಿಯಲ್ಲಿ ಸಿಗುವ ಮಸೂರ ಬೇಳೆ, ಒಣ ಬಟಾಣಿ ಬಹಳಷ್ಟು ಸಲ ಕೆನಡಾದಿಂದ ಬಂದದ್ದು. ಅಲ್ಲಿ ಸಸ್ಕಾಚೆವಾನ್ ಅಂತ ಒಂದು ಪ್ರಾಂತ್ಯ. ಪ್ರೇರಿ ಅಂತ ಕರೆಯುವ ಹುಲ್ಲುಗಾವಲ ಬಯಲು, ಕಣ್ಣು ಹಾಯುವಷ್ಟು ದೂರ ಒಂದೇ ಮಟ್ಟ. ಅಲ್ಲಿನ ಮೂಲನಿವಾಸಿಗಳ ನೆಲ ಅದು. 1872ರ ಕಾಯ್ದೆಯಲ್ಲಿ ಹೊರಗಿನಿಂದ ಬಂದವರಿಗೆ ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ ಕೊಟ್ಟರು. ಯುರೋಪಿನ ಬಡ ರೈತರು ಬಂದು ನೆಲೆಯಾದರು.

ರೈಲು ಹಾದಿಯುದ್ದಕ್ಕೂ ಎಂಟು ಹತ್ತು ಮೈಲಿಗೊಂದು ಊರು, ಊರಿಗೊಂದು ಮರದ ಕಣಜ. ಕುದುರೆ ಗಾಡಿಯಲ್ಲಿ ಗೋಧಿ ತಂದು ಅದೇ ದಿನ ಮನೆಗೆ ಹೋಗುವಷ್ಟು ದೂರ ಅದು. 1930ರ ದಶಕದಲ್ಲಿ ಆ ಬಯಲುಸೀಮೆಯಲ್ಲಿ ಇಂಥ ಕಣಜ ಐದು ಸಾವಿರಕ್ಕೂ ಮೇಲಿದ್ದವು. ಈಗ ಕೆಲವು ನೂರು, ಅವೂ ದೊಡ್ಡ ದೊಡ್ಡ ಕಾಂಕ್ರೀಟಿನವು. 1936ರಲ್ಲಿ ಸಸ್ಕಾಚೆವಾನಿನಲ್ಲಿ 1 ಲಕ್ಷ 42 ಸಾವಿರ ಬೇಸಾಯಗಾರ ಕುಟುಂಬಗಳ ಜಮೀನುಗಳಿದ್ದವು. 2021ರ ಎಣಿಕೆಯಲ್ಲಿ 34 ಸಾವಿರ. ನೆಲ ಒಂದು ಎಕರೆಯೂ ಬೀಳು ಬಿದ್ದಿಲ್ಲ ಅನ್ನಬಹುದು, ಒಬ್ಬೊಬ್ಬನದು ಸಾವಿರದ ಏಳುನೂರು ಎಕರೆ ದಾಟಿತು ಅಷ್ಟೆ. 1897ರಿಂದ ಧಾನ್ಯ ಸಾಗಿಸೋಕೆ ಇದ್ದ ಅಗ್ಗದ ರೈಲು ದರದ ಏರ್ಪಾಟು 1995ರಲ್ಲಿ ನಿಂತಿತು. ಸಣ್ಣ ಸಣ್ಣ ರೈಲು ಹಾದಿ ಕಿತ್ತರು. ಕಣಜ ಬಿತ್ತು, ಅಂಗಡಿ ಮುಚ್ಚಿತು, ಶಾಲೆ ಮುಚ್ಚಿತು.

ಅಲ್ಲಿ ಬೆಳೆ ಇದೆ, ಊರು ಇಲ್ಲ. ನಮ್ಮಲ್ಲಿ ಊರು ಇದೆ, ಬೆಳೆ ಇಲ್ಲ. ಎರಡೂ ಕಡೆ ಇಲ್ಲವಾದದ್ದು ನೆರೆಹೊರೆಯ ಒಕ್ಕಲು. ನಮಗೆ ಐಟಿ ಕಂಪನಿ ಬಂದದ್ದರಿಂದ ಹೀಗಾಯ್ತು ಅಂತ ಮಾತ್ರ ಹೇಳಿ ಸುಮ್ಮನಿರೋ ಹಾಗಿಲ್ಲ. ಕಂಪನಿ ಒಂದೂ ಬರದ ಬಯಲಿನಲ್ಲೂ ಇದೇ ಆಯ್ತಲ್ಲ?

ವೈಟ್‌ಫೀಲ್ಡ್ ಕಲಿಸುವ ಪಾಠ

ಅಷ್ಟು ದೂರ ಬೇಡ ಅನ್ನೋರಿಗೆ ಹತ್ತಿರದ್ದೇ ಒಂದಿದೆ. ವೈಟ್‌ಫೀಲ್ಡ್ ಶುರುವಾದದ್ದು ಬೇಸಾಯಕ್ಕೆ ಅಂತ ಎಷ್ಟು ಜನಕ್ಕೆ ಗೊತ್ತು? 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ವ್ಯವಸಾಯ ಮಾಡಿ ತಮ್ಮ ಜನ ಸ್ವಂತ ಕಾಲ ಮೇಲೆ ನಿಲ್ಲಲಿ ಅನ್ನೋ ಒಳ್ಳೇ ಆಸೆ ಅವರದ್ದು. ದುಂಡಗೆ ಬೀದಿ ಹಾಕಿ ಚೆಂದದ ಹಳ್ಳಿ ಕಟ್ಟಿದರು.

ಬೇಸಾಯ ಮಾತ್ರ ಅಂದುಕೊಂಡ ಹಾಗೆ ಬೇರು ಬಿಡಲಿಲ್ಲ. ನೆಲ ಸಿಕ್ಕಿತು, ಆದರೆ ಮಳೆ ನೋಡಿ ಬಿತ್ತನೆ ಹೇಳೋ ಹಿರಿಯರು ಅವರ ನಡುವೆ ಇರಲಿಲ್ಲ. ಮುಯ್ಯಿಗೆ ಬರೋ ನೆಂಟರಿರಲಿಲ್ಲ. ಬರಬರುತ್ತಾ ರೈಲ್ವೆ, ಕೋಲಾರದ ಗಣಿ ಕೆಲಸದಿಂದ ನಿವೃತ್ತರಾದವರು ಹಣ್ಣಿನ ಗಿಡ ಹಾಕಿಕೊಂಡು ತಣ್ಣಗೆ ಇರೋ ಊರಾಯ್ತು. ಸುತ್ತಲಿನ ಪಟ್ಟಂದೂರು ಅಗ್ರಹಾರ, ಇಮ್ಮಡಿಹಳ್ಳಿ, ಕಾಡುಗೋಡಿಯವರಿಗೆ ಯಾವ ರಾಜರೂ ಸಾವಿರ ಎಕರೆ ಕೊಡಲಿಲ್ಲ. ಅವರು ಎರಡು ಎಕರೆ, ಮೂರು ಎಕರೆಯಲ್ಲೇ ತಲೆಮಾರುಗಟ್ಟಲೆ ರಾಗಿ ಬೆಳೆದರು. ಅವರಲ್ಲಿ ಇದ್ದದ್ದು ನೆರೆಹೊರೆ. ಆಮೇಲೆ, 1990ರ ದಶಕದಲ್ಲಿ, ಐಟಿ ಪಾರ್ಕ್ ಬಂದು ಇಬ್ಬರೂ ಒಂದೇ ನೆರಳಿನಲ್ಲಿ ಬಿದ್ದರು, ಆ ಮಾತು ಬೇರೆ.

ಇದರಿಂದ ನಾನು ತಿಳಿದದ್ದು, ಭೂಮಿ ಕೊಟ್ಟ ಮಾತ್ರಕ್ಕೆ ಒಕ್ಕಲು ಊರು ಹುಟ್ಟೋದಿಲ್ಲ. ಹಾಗೆಯೇ, ನಾಲ್ಕು ಜನರ ಭೂಮಿ ಉಳಿದ ಮಾತ್ರಕ್ಕೆ ಒಕ್ಕಲು ಊರು ಉಳಿಯೋದೂ ಇಲ್ಲ.

ಇನ್ನೂ ಉಳಿದವರಿಗೆ

"ನಿಮ್ಮ ಕಥೆ ಮುಗೀತು, ನಮಗೇನು ಹೇಳ್ತೀರಿ" ಅಂತ ಆನೇಕಲ್ ಕಡೆಯ ಹುಡುಗನೊಬ್ಬ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತೀನಿ.

ಒಂದು. ಮಾರೋದು ಬಿಡೋದು ಒಬ್ಬೊಬ್ಬರ ಇಷ್ಟ ಅನ್ನೋದನ್ನ ನಾನೂ ಒಪ್ತೀನಿ. ಆದರೆ ಗುಟ್ಟಾಗಿ ಮಾರಬೇಡಿ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಬೇಸಾಯಗಾರರಲ್ಲದವರೂ ನೇರವಾಗಿ ಹೊಲ ಕೊಳ್ಳೋ ಹಾಗಾಯ್ತು. ಅವರು ಊರಿನ ಹತ್ತಿರ ಮಾತಾಡೋಲ್ಲ, ಕಷ್ಟದಲ್ಲಿರೋ ಒಬ್ಬನ ಹತ್ತಿರ ಮಾತಾಡ್ತಾರೆ. ನಡುವಿನ ಒಂದು ತುಂಡು ಹೋದರೆ ಹಾದಿ ಹೋಯ್ತು, ಕಾಲುವೆ ಹೋಯ್ತು. ಮಾರಲೇಬೇಕಾದರೆ ಮೊದಲು ಪಕ್ಕದ ಹೊಲದವನಿಗೆ ಹೇಳಿ. ಅವನಿಗೆ ಆಗದಿದ್ದರೆ ಊರಿನವರಿಗೆ ಹೇಳಿ. ಕೊಳ್ಳೋಕೆ ಶಕ್ತಿ ಇಲ್ಲದಿದ್ದರೂ ಅಂಚಿನ ತುಂಡು ಕೊಟ್ಟು ನಡುವಿನದ್ದು ಉಳಿಸೋ ಅದಲುಬದಲಾದರೂ ಮಾಡಬಹುದು.

ಎರಡು. ಸೇರಿ ನಿಂತರೆ ಆಗುತ್ತೆ ಅನ್ನೋಕೆ ಸಾಕ್ಷಿ ಇದೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷದ ಮೇಲೂ ಎದ್ದಿರಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡೋದಾಗಿ ಹೇಳಿದರು. ಇಷ್ಟಪಟ್ಟು ಕೊಡೋರಿಂದ ಕೊಳ್ತೀವಿ ಅಂತಲೂ ಜೊತೆಗೆ ಹೇಳಿದರು. ನನ್ನ ಪ್ರಕಾರ ನಿಜವಾದ ಪರೀಕ್ಷೆ ಅಲ್ಲಿಂದ ಶುರು. ಸರ್ಕಾರವನ್ನು ಹದಿಮೂರು ಊರು ಸೇರಿ ತಡೆಯಬಹುದು. ಒಂದೊಂದೇ ತುಂಡು ಕಳಚೋದನ್ನ ತಡೆಯೋಕೆ ಧರಣಿ ಸಾಲದು, ದಿನದಿನದ ಬೇಸಾಯ ಗಿಟ್ಟಬೇಕು.

ಮೂರು. ಆದ್ದರಿಂದ ಮೊದಲು ಹೋಗೋದನ್ನ ಮೊದಲು ಕಾಯಿರಿ. ಕಣದ ಜಾಗ, ಗುಂಡುತೋಪು, ಗೋಮಾಳ, ಕೆರೆ ಕಾಲುವೆ. ಇವು ಯಾರ ಪಹಣಿಯಲ್ಲೂ ಇರೋಲ್ಲ, ಅದಕ್ಕೇ ಯಾರೂ ಕೇಳೋಲ್ಲ. ಗ್ರಾಮ ನಕ್ಷೆ ತೆಗೆಸಿ, ಅಳತೆ ಮಾಡಿಸಿ, ಗ್ರಾಮಸಭೆಯಲ್ಲಿ ಬರೆಸಿ. ಒಕ್ಕಣೆ ಯಂತ್ರ ಊರಿಗೊಂದು ಒಟ್ಟಾಗಿ ತರಿಸಿ. ಡೇರಿಗೆ ಹಾಲು ಹಾಕೋರ ಸಂಖ್ಯೆ ಕಡಿಮೆಯಾಗ್ತಿದ್ದರೆ ಅದನ್ನು ಡೇರಿಯ ಸಮಸ್ಯೆ ಅನ್ನಬೇಡಿ, ಊರಿನ ಜ್ವರ ಅಂತ ತಿಳೀರಿ.

ನಾಲ್ಕು. ಭೂಮಿ ಇಲ್ಲದವರನ್ನು ಬಿಟ್ಟು ಒಕ್ಕಲು ಊರು ಉಳಿಯೋಲ್ಲ. ಕೂಲಿ ಸಿಗೋಲ್ಲ ಅಂತ ಗೊಣಗ್ತೀವಿ. ಬೀಳು ಬಿಟ್ಟ ಹೊಲವನ್ನು ಅವರಿಗೆ ವಾರಕ್ಕೆ ಕೊಡೋಕೆ ಮಾತ್ರ ಹೆದರ್ತೀವಿ. 1974ರ ತಿದ್ದುಪಡಿ ಬಂದು ಗೇಣಿದಾರನೇ ಒಡೆಯನಾದದ್ದು ಹಲವರ ನೆನಪಿನಲ್ಲಿದೆ, ಆ ಭಯ ನನಗೆ ಅರ್ಥ ಆಗುತ್ತೆ. ಆದರೆ ಬೀಳು ಬಿಟ್ಟ ಹೊಲಕ್ಕೆ ಕೊಳ್ಳೋನ ಕಣ್ಣು ಬೇಗ ಬೀಳುತ್ತೆ. ಬೆಳೆ ಇರೋ ಹೊಲ ಪಕ್ಕದ ಹೊಲಕ್ಕೂ ಕಾವಲು.

ಪರಿಷೆ ಇದೆ, ಊರೆಲ್ಲಿ?

ಬಸವನಗುಡಿ ಕಡಲೆಕಾಯಿ ಪರಿಷೆ ನೋಡಿದ್ದೀರಿ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ರೈತರು ಮೊದಲ ಫಸಲು ಬಸವಣ್ಣನಿಗೆ ಒಪ್ಪಿಸಿ ಶುರುವಾದದ್ದು ಅಂತಾರೆ. ಪರಿಷೆ ಈಗ ಹಿಂದಿಗಿಂತ ಜೋರು. ಕಡಲೆಕಾಯಿ ಮಾತ್ರ ಬೇರೆ ಜಿಲ್ಲೆಯಿಂದ, ತಮಿಳುನಾಡಿನಿಂದ ಲಾರಿಯಲ್ಲಿ ಬರುತ್ತೆ. ನಮ್ಮ ಕಡೆ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಊರೂರಿಂದ ಎತ್ತರದ ತೇರು ಬರುತ್ತೆ. ಎಳೆಯೋಕೆ ಎತ್ತು ಸಾಲದೆ ಟ್ರ್ಯಾಕ್ಟರ್ ಕಟ್ಟುತ್ತಾರೆ. ಹಬ್ಬ ಉಳಿದರೆ ಊರು ಉಳಿದ ಹಾಗೆ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡು ಬಂದ್ವಿ. ಹಾಗಲ್ಲ ಅಂತ ಈಗ ಗೊತ್ತಾಗ್ತಿದೆ.

ನಮ್ಮಂಥ ಮುಗಿದ ಊರಿನವರು ಮಾಡಬಹುದಾದ ಕೆಲಸ ಒಂದಿದೆ. ಹೊಲಗಳ ಹೆಸರು ಬರೆದಿಡೋದು. ಸರ್ವೆ ನಂಬರಲ್ಲ, ಹೆಸರು. ಹುಣಸೆಮರದ ಹೊಲ, ಕೋಡಿ ಗದ್ದೆ, ಕಲ್ಲುಕುಂಟೆ ಮೇಲಿನ ಹೊಲ, ಹಳ್ಳದ ತಾಕು. ಎಲ್ಲಿ ನೀರು ನಿಲ್ತಿತ್ತು, ಎಲ್ಲಿ ಹರೀತಿತ್ತು ಅಂತ ಆ ಹೆಸರೇ ಹೇಳುತ್ತೆ. ಮಳೆಗಾಲದಲ್ಲಿ ಯಾಕೆ ಮನೆಗೆ ನೀರು ನುಗ್ಗುತ್ತೆ ಅಂತ ಬಡಾವಣೆಯವರು ಕೇಳ್ತಾರಲ್ಲ, ಅವರಿಗೆ ಉತ್ತರ ಆ ಹೆಸರಿನಲ್ಲಿದೆ. ಎಪ್ಪತ್ತೈದು ದಾಟಿದ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ನಾನು ನಮ್ಮ ಊರಿನ ಮೂವತ್ತೆಂಟು ಹೆಸರು ಬರೆದಿದ್ದೇನೆ. ಓದುಗರು ತಮ್ಮ ಊರಿನದ್ದು ಬರೆದು ಪತ್ರಿಕೆಗೆ ಕಳಿಸಲಿ.

ಈ ವರ್ಷ ನನ್ನ ಹೊಲದ ವಿಚಾರ. ನಮ್ಮ ಹೊಲದ ಆಸುಪಾಸಿನಲ್ಲಿ ಇನ್ನೂ ಇಬ್ಬರು ಅಷ್ಟಿಷ್ಟು ನೆಲ ಇಟ್ಟುಕೊಂಡು ಕೂತಿದ್ದಾರೆ. ಒಬ್ಬರು ಹುರುಳಿ ಹಾಕಿ ಕೈಬಿಟ್ಟಿದ್ದರು, ಇನ್ನೊಬ್ಬರು ನೀಲಗಿರಿ ಕಿತ್ತು ಸುಮ್ಮನಿದ್ದರು. ಇಬ್ಬರ ಮನೆಗೂ ಹೋಗಿ ಮಾತಾಡಿದೆ. ಮೂವರೂ ಒಂದೇ ತಳಿ, ಒಂದೇ ವಾರದಲ್ಲಿ ಬಿತ್ತೋದು ಅಂತ ಒಪ್ಪಂದ ಆಗಿದೆ. ಒಟ್ಟು ನಾಲ್ಕು ಎಕರೆ ಚಿಲ್ಲರೆ ಆಗುತ್ತೆ. ಒಕ್ಕಣೆ ಯಂತ್ರದವನು ನಾಲ್ಕು ಎಕರೆ ಅಂದಮೇಲೆ ಬರ್ತೀನಿ ಅಂದಿದ್ದಾನೆ. ಹಕ್ಕಿ ಹೇಗಿದ್ರೂ ಬರ್ತವೆ. ಅವುಗಳ ಪಾಲು ಮೂವರೂ ಹಂಚಿಕೊಳ್ತೀವಿ.